ಹತ್ತಿರದ ಚಿಕ್ಕ ಸಮ್ಮೇಳನಕ್ಕೆ ಹೋಗಲಾ, ದೊಡ್ಡದಕ್ಕೆ ಕಾಯಲಾ? ಆಲ್ಜೀಬ್ರಾದವರು ದಯವಿಟ್ಟು ಹೇಳಿ

ಶೂನ್ಯಭಾಜಕ
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ನಾಲ್ಕನೇ ವರ್ಷದಲ್ಲಿದ್ದೇನೆ. ವಿಷಯ ಕಮ್ಯುಟೇಟಿವ್ ಆಲ್ಜೀಬ್ರಾ, ಅಂದರೆ ಗುಣಾಕಾರದ ಕ್ರಮ ಬದಲಿಸಿದರೂ ಉತ್ತರ ಬದಲಾಗದ ಬೀಜಗಣಿತ. ಒಂದು ಪೇಪರ್ ಆರ್ಕೈವ್‌ನಲ್ಲಿದೆ (ಅಚ್ಚಾಗುವ ಮೊದಲೇ ಪೇಪರ್ ಹಾಕುವ ಜಾಲತಾಣ). ಜರ್ನಲ್‌ಗೆ ಕಳಿಸಿ ಎಂಟು ತಿಂಗಳಾಯಿತು, ಸುದ್ದಿಯೇ ಇಲ್ಲ.

ಸುತ್ತಲಿನ ಐದಾರು ವಿಶ್ವವಿದ್ಯಾಲಯಗಳು ಸೇರಿ ವರ್ಷಕ್ಕೊಮ್ಮೆ ಶನಿವಾರ, ಭಾನುವಾರ ಒಂದು ಆಲ್ಜೀಬ್ರಾ ಸಮ್ಮೇಳನ ಮಾಡುತ್ತವೆ. ಅರವತ್ತು ಎಪ್ಪತ್ತು ಜನ ಬರುತ್ತಾರೆ. ಈ ಸಲ 20 ನಿಮಿಷದ ಟಾಕ್ ಕೊಡುತ್ತೀರಾ ಅಂತ ನನ್ನನ್ನು ಕೇಳಿದ್ದಾರೆ. ಹೋಗಿಬರುವ ಖರ್ಚು, ಉಳಿಯುವ ವ್ಯವಸ್ಥೆ ಎಲ್ಲ ಅವರದೇ. ಆದರೆ ಮೊದಲು ನಾನು ಕೈಯಿಂದ ಹಾಕಿ, ಆಮೇಲೆ ಬಿಲ್ ಕಳಿಸಬೇಕು.

ಗೈಡ್‌ಗೆ ಇಷ್ಟವಿಲ್ಲ. ‘ತಯಾರಿ ಅಂತ ಎರಡು ವಾರ ಹಾಳಾಗುತ್ತೆ, ಅಷ್ಟರಲ್ಲಿ ಇನ್ನೊಂದು ಥಿಯರಂ ಮುಗಿಸು, ಮುಂದಿನ ವರ್ಷ ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನಕ್ಕೇ ಕಳಿಸ್ತೀನಿ’ ಅನ್ನುತ್ತಾರೆ. ನನ್ನ ಕಷ್ಟ ಏನಂದ್ರೆ, ನಮ್ಮ ವಿಭಾಗದಲ್ಲಿ ಈ ವಿಷಯ ಮಾತಾಡುವವರು ನಾನು ಮತ್ತು ಗೈಡ್ ಇಬ್ಬರೇ. ಏನು ಮಾಡಲಿ?

ಕರ್ನಲ್ ಅಕ್ಕ
ಹೋಗಿ. ಇದರಲ್ಲಿ ಯೋಚನೆ ಮಾಡೋದು ಏನಿದೆ?

ಹಳೇ ಬೋರ್ಡು
ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಿಮ್ಮ ಗೈಡ್ ಮಾತು ಕೇಳಿ ಅದೇ ನೆನಪಾಯಿತು.

ದೊಡ್ಡ ಸಮ್ಮೇಳನದಲ್ಲಿ ನಾಲ್ಕನೇ ವರ್ಷದ ವಿದ್ಯಾರ್ಥಿಗೆ ಏನು ಸಿಗುತ್ತೆ ಹೇಳಿ. ಒಂದೇ ಹೊತ್ತಿಗೆ ಹತ್ತು ಕೋಣೆಗಳಲ್ಲಿ ಟಾಕ್ ನಡೆಯುತ್ತಿರುತ್ತವೆ. ನಿಮ್ಮದು ಕೊನೇ ದಿನ, ಮಧ್ಯಾಹ್ನ, ಮೂಲೆಯ ಕೋಣೆ. ಎದುರಿಗೆ ಆರು ಜನ. ಅದರಲ್ಲಿ ಇಬ್ಬರು ಮುಂದಿನ ಟಾಕ್ ಕೊಡುವವರು, ಒಬ್ಬ ನಿಮ್ಮ ಸ್ನೇಹಿತ. ಚಿಕ್ಕ ಸಮ್ಮೇಳನದಲ್ಲಿ ಒಂದೇ ಕೋಣೆ, ತಪ್ಪಿಸಿಕೊಂಡು ಹೋಗಲು ಯಾರಿಗೂ ಜಾಗವಿಲ್ಲ. ಎಪ್ಪತ್ತು ಜನರೂ ನಿಮ್ಮನ್ನು ಕೇಳಲೇಬೇಕು!

ಇನ್ನೊಂದು ವಿಷಯ, ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಮುಂದಿನ ವರ್ಷ ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸಕ್ಕೆ, ಅರ್ಜಿ ಹಾಕುತ್ತೀರಿ. ಮೂರು ನಾಲ್ಕು ಶಿಫಾರಸು ಪತ್ರ ಬೇಕು. ಒಂದು ಗೈಡ್ ಬರೆಯುತ್ತಾರೆ. ಉಳಿದವು? ನಿಮ್ಮ ಮನೆಯೊಳಗಿನವರೇ ಬರೆದರೆ ಓದುವವರು ಅಷ್ಟು ಬೆಲೆ ಕೊಡಲ್ಲ. ಹೊರಗಿನ ಒಬ್ಬರು ‘ಈ ಹುಡುಗನ ಟಾಕ್ ಕೇಳಿದ್ದೇನೆ, ಪ್ರಶ್ನೆಗೆ ಹೀಗೆ ಉತ್ತರ ಕೊಟ್ಟ’ ಅಂತ ಬರೆದರೆ ಅದರ ತೂಕವೇ ಬೇರೆ. ಆ ಹೊರಗಿನವರು ಸಿಗುವುದು ಇಂಥಾ ಶನಿವಾರ, ಭಾನುವಾರಗಳಲ್ಲೇ.

ಐಸಿಎಂ, ಅಂದರೆ ಗಣಿತಜ್ಞರ ಅಂತರರಾಷ್ಟ್ರೀಯ ಮಹಾಸಮ್ಮೇಳನ, ನಾಲ್ಕು ವರ್ಷಕ್ಕೊಮ್ಮೆ ಬರುತ್ತೆ. ಪಿಎಚ್‌ಡಿ ಅಷ್ಟು ದಿನ ಕಾಯುತ್ತಾ?

ಎಪ್ಸಿಲಾನ್
ನಾನು ಗೈಡ್ ಪರ. ಬೈಯುವ ಮೊದಲು ಪೂರ್ತಿ ಓದಿ.

ಮೂರು ವರ್ಷದಲ್ಲಿ ಏಳು ಪ್ರಾದೇಶಿಕ ಸಮ್ಮೇಳನಗಳಿಗೆ ಹೋಗಿದ್ದೆ. ಎಲ್ಲೆಲ್ಲೂ ಅದೇ ಹದಿನೈದು ಮುಖ. ಅದೇ ಪ್ರೊಫೆಸರ್, ಅದೇ ಟಾಕ್, ಶೀರ್ಷಿಕೆ ಮಾತ್ರ ಬೇರೆ. ಸಂಘಟಕರು ತಮ್ಮ ತಮ್ಮ ಶಿಷ್ಯರನ್ನು ಕರೆಸಿಕೊಳ್ಳುತ್ತಾರೆ, ಅವರು ಇವರನ್ನು, ಇವರು ಅವರನ್ನು. ನನ್ನ ಥೀಸಿಸ್ ಒಂದು ವರ್ಷ ತಡವಾಯಿತು. ಕೊನೆಗೆ ನನಗೆ ಕೆಲಸ ಸಿಕ್ಕಿದ್ದು ಪೇಪರ್ ಓದಿ ಮೇಲ್ ಮಾಡಿದ ಒಬ್ಬರಿಂದ. ಅವರನ್ನು ಆವರೆಗೆ ಯಾವ ಸಮ್ಮೇಳನದಲ್ಲೂ ನೋಡಿರಲಿಲ್ಲ.

ಮಾಡ್ಯುಲೋ ಏಳು
ಏಳಕ್ಕೆ ಏಳೂ ಹೋಗು ಅಂತ ಯಾರು ಹೇಳಿದ್ರು ಮಾರಾಯ್ರೇ? ಮಾಡ್ಯುಲೋ ಏಳು, ಅಂದರೆ ಏಳರಿಂದ ಭಾಗಿಸಿ ಶೇಷ ಮಾತ್ರ ತೆಗೆದುಕೊಂಡರೆ ನೀವು ಒಂದಕ್ಕೂ ಹೋಗಿಲ್ಲ ಅಂತಾಯ್ತು.

ಎಪ್ಸಿಲಾನ್
😂 ಸರಿ ಸರಿ. ಆದರೂ ನನ್ನ ಮಾತು ಸುಳ್ಳಲ್ಲ.

ಐಡಿಯಲ್ ಮೇಷ್ಟ್ರು
ಎಪ್ಸಿಲಾನ್ ಹೇಳಿದ್ದರಲ್ಲಿ ಅರ್ಧ ನಿಜ, ಒಪ್ಪುತ್ತೇನೆ. ನಾನು ಇಂಥದ್ದೇ ಒಂದನ್ನು ನಾಲ್ಕು ಸಲ ಸಂಘಟಿಸಿದ್ದೇನೆ. ಒಳಗಿನ ಕತೆ ಸ್ವಲ್ಪ ಹೇಳುತ್ತೇನೆ.

ಹಣ ಸಾಮಾನ್ಯವಾಗಿ ಸರ್ಕಾರದ ವಿಜ್ಞಾನ ಅನುದಾನದಿಂದಲೋ ಗಣಿತ ಸೊಸೈಟಿಯಿಂದಲೋ ಬರುತ್ತೆ. ಅರ್ಜಿಯಲ್ಲೇ ‘ಹೆಚ್ಚಿನ ಪಾಲು ವಿದ್ಯಾರ್ಥಿಗಳಿಗೆ, ಹೊಸಬರಿಗೆ, ಬೇರೆ ಅನುದಾನ ಇಲ್ಲದವರಿಗೆ’ ಅಂತ ಬರೆದುಕೊಟ್ಟಿರುತ್ತೇವೆ. ಸುಮ್ನೆ ಚೆಂದಕ್ಕೆ ಬರೆಯುವುದಲ್ಲ, ಮುಗಿದ ಮೇಲೆ ಯಾರಿಗೆ ಎಷ್ಟು ಕೊಟ್ಟೆವು ಅಂತ ವರದಿಯನ್ನೂ ಕೊಡಬೇಕು. ಹಿರಿಯರು ತಮ್ಮ ಸಂಶೋಧನಾ ಅನುದಾನದಲ್ಲಿ ಬರುತ್ತಾರೆ. ಆ ಎಕ್ಸೆಲ್ ಹಾಳೆ ಮುಂದೆ ನಾನು ಮೂರು ಸಂಜೆ ಕೂತಿದ್ದೇನೆ. ನಲವತ್ತು ಹೆಸರು, ಇಪ್ಪತ್ತೈದು ಜನಕ್ಕಾಗುವಷ್ಟು ದುಡ್ಡು. ಇಬ್ಬರು ಒಂದೇ ಕಾರಿನಲ್ಲಿ ಬಂದರೆ ಇನ್ನೊಬ್ಬರನ್ನು ಸೇರಿಸಬಹುದು, ಹೀಗೆ ಲೆಕ್ಕ.

ಶಿಷ್ಯರನ್ನೇ ಕರೆಸಿಕೊಳ್ಳುವ ರೋಗ ಇದೆ. ಅದಕ್ಕೆ ನಾವು ಒಂದು ನಿಯಮ ಮಾಡಿಕೊಂಡೆವು. ಒಬ್ಬ ಗೈಡ್‌ನ ಒಬ್ಬ ವಿದ್ಯಾರ್ಥಿಗೆ ಮಾತ್ರ ಟಾಕ್. ಸಂಘಟಕರ ವಿದ್ಯಾರ್ಥಿಗಳಿಗೆ ಪೋಸ್ಟರ್ ಮಾತ್ರ. ಮೊದಲ ವರ್ಷ ಮುನಿಸಿಕೊಂಡರು, ಆಮೇಲೆ ಅಭ್ಯಾಸವಾಯಿತು.

ಶೂನ್ಯಭಾಜಕ ಅವರೇ, ಗಮನಿಸಿ: ವಿಭಾಗದಲ್ಲಿ ಒಂಟಿಯಾಗಿರುವ ವಿದ್ಯಾರ್ಥಿಗಳಿಗಾಗಿಯೇ ನಾವು ಇದನ್ನೆಲ್ಲ ಮಾಡುವುದು. ಪಕ್ಕದ ಕೋಣೆಯಲ್ಲೇ ಐದು ಜನ ಆಲ್ಜೀಬ್ರಾದವರು ಇರುವ ಕಡೆಯ ಹುಡುಗರಿಗೆ ಇದು ಅಷ್ಟು ಬೇಕಾಗಿಲ್ಲ.

ಬರೀ ಓದುಗ
ಇವುಗಳ ಹೆಸರು ಏನೇನು? ಉದಾಹರಣೆ ಕೊಡಿ ಯಾರಾದರೂ.

ಹಳೇ ಬೋರ್ಡು
ಬೇಕಾದಷ್ಟಿವೆ. ಕಮ್ಯುಟೇಟಿವ್ ಆಲ್ಜೀಬ್ರಾಗೆ ಕುಮುನು ಅಂತ ಒಂದಿದೆ. ಕ್ಯಾನ್ಸಸ್, ಮಿಸೌರಿ, ನೆಬ್ರಾಸ್ಕಾ ಮೂರು ವಿಶ್ವವಿದ್ಯಾಲಯಗಳ ಕೆಯು, ಎಂಯು, ಎನ್‌ಯು ಸೇರಿಸಿ ಮಾಡಿದ ಹೆಸರು. ಕೇಳಿದರೆ ಯಾರದೋ ಮನೆಯ ಮುದ್ದಿನ ಹೆಸರು ಅನಿಸುತ್ತೆ. ಆಲ್ಜೀಬ್ರಾಯಿಕ್ ಜಿಯಾಮೆಟ್ರಿಗೆ ಅಮೆರಿಕದ ಈಶಾನ್ಯದಲ್ಲಿ ಆಗ್ನೆಸ್, ಪಶ್ಚಿಮದಲ್ಲಿ ವ್ಯಾಗ್ಸ್. ಬ್ರಿಟನ್ನಿನ ಉತ್ತರ ಭಾಗದಲ್ಲಿ ಆರ್ಟಿನ್. ‘ಆಲ್ಜೀಬ್ರಾ ಆಂಡ್ ರೆಪ್ರೆಸೆಂಟೇಶನ್ ಥಿಯರಿ ಇನ್ ದ ನಾರ್ತ್’ ಅಂತ ಬಿಡಿಸಬೇಕು. ಗಣಿತಜ್ಞ ಎಮಿಲ್ ಆರ್ಟಿನ್ ಹೆಸರಿಗೆ ಹೊಂದಲಿ ಅಂತ ಎಷ್ಟು ತಲೆ ಕೆಡಿಸಿಕೊಂಡರೋ! ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯ ಹಣ ಅದಕ್ಕೆ ಸಿಗುತ್ತೆ.

ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯಂತೂ ದೇಶವನ್ನು 4 ಭಾಗ ಮಾಡಿಕೊಂಡು, ಒಂದೊಂದು ಭಾಗದಲ್ಲಿ ವರ್ಷಕ್ಕೆರಡು ವಾರಾಂತ್ಯದ ಸಭೆ ನಡೆಸುತ್ತೆ. ಅದು ಎಲ್ಲ ಗಣಿತಕ್ಕೂ. ಒಳಗೆ ಆಲ್ಜೀಬ್ರಾದ ವಿಶೇಷ ಗೋಷ್ಠಿಗಳಿರುತ್ತವೆ.

ಸಿಲೋ ಸುಬ್ಬ
ಗ್ರೂಪ್ ಥಿಯರಿಯವರನ್ನು ಮರೆತುಬಿಟ್ರಲ್ಲ ಸ್ವಾಮಿ. ಗ್ರೂಪ್ಸ್ ಸೇಂಟ್ ಆಂಡ್ರೂಸ್ 1981ರಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತೆ. ಹೆಸರು ಸೇಂಟ್ ಆಂಡ್ರೂಸ್, ಆದರೆ ಬೇರೆ ಬೇರೆ ಊರುಗಳಲ್ಲೂ ನಡೆದಿದೆ.

ಎಪ್ಸಿಲಾನ್
ಅದು ಪ್ರಾದೇಶಿಕ ಅಲ್ಲ, ಜಗತ್ತಿನ ಎಲ್ಲ ಕಡೆಯಿಂದ ಬರುತ್ತಾರೆ.

ಸಿಲೋ ಸುಬ್ಬ
ನಮ್ಮವರು ಎಲ್ಲಿ ಸೇರಿದರೂ ಒಂದು ಪ್ರದೇಶವೇ.

ಕರ್ನಲ್ ಅಕ್ಕ
ದುಡ್ಡಿನ ವಿಷಯ ಯಾರೂ ಸರಿಯಾಗಿ ಮಾತಾಡುತ್ತಿಲ್ಲ. ಮೊದಲು ಕೈಯಿಂದ ಹಾಕಿ ಅನ್ನುವುದು ವಿದ್ಯಾರ್ಥಿಗೆ ಎಷ್ಟು ಕಷ್ಟ ಗೊತ್ತಾ? ನಾನು ಪಿಎಚ್‌ಡಿ ಮಾಡುವಾಗ ಒಂದು ಸಮ್ಮೇಳನಕ್ಕೆ ಹೋಗಿ ಬಂದು, ನಾಲ್ಕು ತಿಂಗಳು ಹಣಕ್ಕೆ ಕಾದೆ. ಒಂದು ಸಲ ಸಹಿ ತಪ್ಪು ಜಾಗದಲ್ಲಿದೆ ಅಂದರು. ಇನ್ನೊಂದು ಸಲ ಮೂಲ ರಸೀದಿ ಬೇಕು ಅಂದರು. ಆಮೇಲೆ ಆ ಗುಮಾಸ್ತರೇ ರಜೆ ಹಾಕಿದರು. ಅಷ್ಟು ದಿನ ಕ್ರೆಡಿಟ್ ಕಾರ್ಡಿನ ಬಡ್ಡಿ ಕಟ್ಟಿದವಳು ನಾನು. ‘ಹೊಸಬರಿಗೆ ಬೆಂಬಲ’ ಅಂತ ಪೋಸ್ಟರಿನಲ್ಲಿ ದೊಡ್ಡದಾಗಿ ಹಾಕಿಕೊಳ್ಳುವವರು ಮೊದಲು ಇದನ್ನು ಸರಿ ಮಾಡಲಿ.

ಐಡಿಯಲ್ ಮೇಷ್ಟ್ರು
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಸಂಘಟಕರ ಕೈಯಲ್ಲಿ ಹಣ ಇರುವುದಿಲ್ಲ, ವಿಶ್ವವಿದ್ಯಾಲಯದ ಲೆಕ್ಕಪತ್ರ ವಿಭಾಗದಲ್ಲಿರುತ್ತೆ. ನಾವೂ ಅವರ ಬಾಗಿಲಲ್ಲಿ ನಿಲ್ಲುವವರೇ. ಆದರೆ ಎರಡು ದಾರಿ ಇವೆ. ಉಳಿಯುವ ಕೋಣೆಯನ್ನು ನಾವೇ ನೇರವಾಗಿ ಬುಕ್ ಮಾಡಿ ನಾವೇ ಕಟ್ಟಬಹುದು. ಎಷ್ಟೋ ಕಡೆ ಟಿಕೆಟ್ ಕೂಡ ತೆಗೆದುಕೊಡಬಹುದು. ಇದಕ್ಕೆ ವಿದ್ಯಾರ್ಥಿ ಒಂದೇ ಸಾಲಿನ ಮೇಲ್ ಹಾಕಿದರೆ ಸಾಕು: ‘ಮುಂಗಡವಾಗಿ ಕೊಡಲು ನನಗೆ ಆಗುವುದಿಲ್ಲ, ಬೇರೆ ವ್ಯವಸ್ಥೆ ಇದೆಯಾ?’ ನಾಚಿಕೆ ಬೇಡ. ಕೇಳಿದವರ ಬಗ್ಗೆ ಯಾರೂ ಕೆಟ್ಟದಾಗಿ ಅಂದುಕೊಳ್ಳುವುದಿಲ್ಲ.

ಮತ್ತೆ ಬೋರ್ಡಿಂಗ್ ಪಾಸ್ ಎಸೆಯಬೇಡಿ. ದಯವಿಟ್ಟು. ಟಿಕೆಟ್ ಇದ್ದರೂ ಬೋರ್ಡಿಂಗ್ ಪಾಸ್ ಕೇಳುವ ಕಚೇರಿಗಳಿವೆ.

ಬರೀ ಓದುಗ
ನಾನು ಸಾಮಾನ್ಯವಾಗಿ ಇಲ್ಲಿ ಬರೆಯಲ್ಲ. ಆದರೆ ಇದನ್ನು ಕೇಳಬೇಕು ಅನಿಸಿತು. ಕಳೆದ ವರ್ಷ ಒಂದಕ್ಕೆ ಹೋಗಿದ್ದೆ. ಕಾಫಿ ವಿರಾಮದಲ್ಲಿ ಎಲ್ಲರೂ ಗುಂಪು ಗುಂಪಾಗಿ ನಿಂತು ನಗುತ್ತಿದ್ದರು. ನಾನು ಲೋಟ ಹಿಡಿದುಕೊಂಡು ಪೋಸ್ಟರ್ ಓದಿದೆ. ಒಂದೇ ಪೋಸ್ಟರನ್ನು ಮೂರು ಸಲ. ಎರಡು ದಿನದಲ್ಲಿ ನಾನು ಮಾತಾಡಿದ್ದು ಹೆಸರಿನ ಬ್ಯಾಡ್ಜ್ ಕೊಟ್ಟವರ ಜೊತೆ ಮಾತ್ರ. ನನ್ನಂಥವರಿಗೆ ಏನು ಉಪಯೋಗ?

ಮಾಡ್ಯುಲೋ ಏಳು
ಅಯ್ಯೋ, ಆ ಪೋಸ್ಟರ್ ಓದುವ ನಾಟಕ ನಾನೂ ಆಡಿದ್ದೇನೆ. ಪೋಸ್ಟರ್ ಪಕ್ಕ ನಿಂತಿದ್ದ ಹುಡುಗಿ ಪಾಪ, ನನಗೆ ಭಾರೀ ಆಸಕ್ತಿ ಅಂದುಕೊಂಡು ಸ್ಪೆಕ್ಟ್ರಲ್ ಸೀಕ್ವೆನ್ಸ್ ಅನ್ನುವ ಕಬ್ಬಿಣದ ಕಡಲೆ ಶುರು ಮಾಡಿಬಿಟ್ಟಳು.

ನಾನು ಈಗ ಮಾಡುವುದು ಇಷ್ಟು. ಹೋಗುವ ಮೊದಲು ಕಾರ್ಯಕ್ರಮದ ಪಟ್ಟಿ ನೋಡಿ ಒಬ್ಬರನ್ನು ಆರಿಸಿಕೊಳ್ಳುತ್ತೇನೆ. ಒಬ್ಬರೇ. ಅವರ ಒಂದು ಪೇಪರಿನ ಪೀಠಿಕೆ ಓದಿಕೊಂಡು ಒಂದು ಪ್ರಶ್ನೆ ಇಟ್ಟುಕೊಂಡು ಹೋಗುತ್ತೇನೆ. ‘ನಿಮ್ಮ ಮೂರನೇ ಲೆಮ್ಮಾದಲ್ಲಿ ಫೀಲ್ಡ್ ಇನ್ಫಿನಿಟ್ ಅಂತ ಯಾಕೆ ಬೇಕು?’ ಇಷ್ಟು ಕೇಳಿದರೆ ಸಾಕು, ಗಣಿತದವರ ಬಾಯಿ ತಾನಾಗಿ ತೆರೆದುಕೊಳ್ಳುತ್ತೆ. ಮುಚ್ಚಿಸುವುದೇ ಕಷ್ಟ.

ಹಳೇ ಬೋರ್ಡು
ಜರ್ಮನಿಯ ಒಬರ್‌ವೊಲ್ಫಾಕ್ ಗಣಿತ ಸಂಸ್ಥೆಯಲ್ಲಿ ಇದಕ್ಕೊಂದು ಉಪಾಯ ಇದೆ. ಊಟದ ಮೇಜಿನ ಮೇಲೆ ಪ್ರತಿಯೊಬ್ಬರ ಹೆಸರಿರುವ ನ್ಯಾಪ್‌ಕಿನ್ ಚೀಲವನ್ನು ಅದಲುಬದಲು ಮಾಡಿ ಇಡುತ್ತಾರೆ. ನಿಮ್ಮ ಹೆಸರು ಎಲ್ಲಿದೆಯೋ ಅಲ್ಲೇ ಕೂರಬೇಕು. ಹೀಗಾಗಿ ಸ್ನೇಹಿತರ ಗುಂಪು ತಾನಾಗಿ ಒಡೆಯುತ್ತೆ. ಪಕ್ಕದಲ್ಲಿ ನೀವು ಪುಸ್ತಕದ ಮೇಲೆ ಮಾತ್ರ ಹೆಸರು ನೋಡಿದ್ದವರು ಕೂತಿರಬಹುದು. 1944ರಲ್ಲಿ ಶುರುವಾದ ಜಾಗ ಅದು. ದೊಡ್ಡ ಪರದೆ, ದೊಡ್ಡ ಸಭಾಂಗಣ ಬೇಕಿಲ್ಲ, ಒಂದು ಬಟ್ಟೆ ಚೀಲ ಮಾಡುವ ಕೆಲಸ ನೋಡಿ.

ಕರ್ನಲ್ ಅಕ್ಕ
ಮಹಿಳೆಯರ ಗುಂಪುಗಳು ಇದರಲ್ಲಿ ಒಂದು ಹೆಜ್ಜೆ ಮುಂದಿವೆ. ನಂಬರ್ ಥಿಯರಿಯವರ ವಿಮೆನ್ ಇನ್ ನಂಬರ್ಸ್ 2008ರಲ್ಲಿ ಕೆನಡಾದ ಬಾನ್ಫ್‌ನಲ್ಲಿ ಶುರುವಾಯಿತು. 2019ರಲ್ಲಿ ಅಲ್ಲೇ ವಿಮೆನ್ ಇನ್ ಕಮ್ಯುಟೇಟಿವ್ ಆಲ್ಜೀಬ್ರಾ. ಅಲ್ಲಿ ಟಾಕ್ ಕೇಳಿ ಎದ್ದು ಹೋಗುವುದಲ್ಲ. ಹಿರಿಯರೊಬ್ಬರು ಒಂದು ಸಮಸ್ಯೆ ತರುತ್ತಾರೆ, ನಾಲ್ಕಾರು ಜನರ ತಂಡ ವಾರವಿಡೀ ಅದರ ಮೇಲೆ ಕೂರುತ್ತೆ. ವಾಪಸ್ ಬಂದ ಮೇಲೂ ಕೆಲಸ ಮುಂದುವರಿಯುತ್ತೆ, ಪೇಪರ್ ಆಗುತ್ತೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಎರಡು ದಿನದ ಸಮ್ಮೇಳನಗಳೂ ಒಂದು ಮಧ್ಯಾಹ್ನವನ್ನಾದರೂ ಹೀಗೆ ಬಿಡಬಹುದು, ಅಲ್ವಾ?

ಸಿಲೋ ಸುಬ್ಬ
ಆಲ್ಜೀಬ್ರಾಕ್ಕೆ ಹೊಸ ರೂಪ ಕೊಟ್ಟ ಎಮ್ಮಿ ನೋಯ್ಥರ್ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? 1928ರಲ್ಲೇ ಐಸಿಎಂನಲ್ಲಿ ಪ್ಲೀನರಿ (ಎಲ್ಲರೂ ಸೇರಿ ಕೇಳುವ ಮುಖ್ಯ ಭಾಷಣ) ಕೊಟ್ಟರು.

ಹಳೇ ಬೋರ್ಡು
ಪ್ಲೀನರಿ 1932ರಲ್ಲಿ, ಜ್ಯೂರಿಕ್‌ನಲ್ಲಿ. ಅದಕ್ಕೂ ಮೊದಲು ಎರ್ಲಾಂಗೆನ್‌ನಲ್ಲಿ ಏಳು ವರ್ಷ ಸಂಬಳವಿಲ್ಲದೆ ಕೆಲಸ ಮಾಡಿದ್ದರು. ಗಾಟಿಂಗೆನ್‌ನಲ್ಲಿ ಪಾಠ ಮಾಡಿದ್ದು ಅಲ್ಲಿನ ಪ್ರೊಫೆಸರ್ ಹಿಲ್ಬರ್ಟ್ ಹೆಸರಿನಲ್ಲಿ. ಅವರಿಗೆ ಸಿಗಲಿಲ್ಲ ಅಂತ ಇವರಿಗೂ ಬೇಡ ಅನ್ನೋದು ಯಾವ ನ್ಯಾಯ ಸುಬ್ಬಣ್ಣ?

ಸಿಲೋ ಸುಬ್ಬ
ನಾನು ಹಾಗೆ ಹೇಳಲಿಲ್ಲ. ತಪ್ಪಾಯ್ತು, ಬಿಡಿ. ಪ್ರಾಯಶ್ಚಿತ್ತಕ್ಕೆ ನನ್ನ ಮೊದಲ ಟಾಕ್‌ನ ಕತೆ ಹೇಳುತ್ತೇನೆ.

20 ನಿಮಿಷ ಕೊಟ್ಟಿದ್ದರು. 34 ಸ್ಲೈಡ್ ಮಾಡಿಕೊಂಡು ಹೋದೆ. ಮೊದಲ ಹದಿನಾಲ್ಕು ನಿಮಿಷ ಬರೀ ವ್ಯಾಖ್ಯೆ. ಗ್ರೂಪ್ ಅಂದರೇನು ಅಂತಲೂ ಒಂದು ಸ್ಲೈಡ್ ಇತ್ತು, ಎದುರಿಗೆ ಕೂತವರೆಲ್ಲ ಗ್ರೂಪ್ ಥಿಯರಿಯವರು! ಅಧ್ಯಕ್ಷರು ‘ಐದು ನಿಮಿಷ’ ಅಂತ ಚೀಟಿ ತೋರಿಸಿದಾಗ ನಾನು ಇನ್ನೂ ಸಂಕೇತಗಳನ್ನು ಪರಿಚಯ ಮಾಡುತ್ತಿದ್ದೆ. ಗಾಬರಿಯಲ್ಲಿ ಬಟನ್ ಒತ್ತುತ್ತಾ ಹೋದೆ. ನನ್ನ ಥಿಯರಂ ಪರದೆಯ ಮೇಲೆ ಇದ್ದಿದ್ದು ಒಂದು ಸೆಕೆಂಡ್. ಯಾರೋ ಹಿಂದಿನಿಂದ ‘ಅದೇನೋ ಹೋಯ್ತಲ್ಲ’ ಅಂದರು. ಅದೇ ನನ್ನ ಮೂರು ವರ್ಷದ ಕೆಲಸ.

ಮಾಡ್ಯುಲೋ ಏಳು
‘ಅದೇನೋ ಹೋಯ್ತಲ್ಲ’ 😭 ಇದನ್ನು ನನ್ನ ಥೀಸಿಸ್ ಮೊದಲ ಪುಟಕ್ಕೆ ಹಾಕಿಕೊಳ್ಳುತ್ತೇನೆ.

ಐಡಿಯಲ್ ಮೇಷ್ಟ್ರು
20 ನಿಮಿಷಕ್ಕೆ ಒಂದು ಉದಾಹರಣೆ, ಒಂದು ಹೇಳಿಕೆ. ಅಷ್ಟೇ. ಪ್ರೂಫ್‌ಗೆ ಆಸೆ ಪಡಬೇಡಿ. ಶೂನ್ಯಭಾಜಕ, ನಿಮ್ಮ ಫಲಿತಾಂಶ ಯಾವುದರ ಬಗ್ಗೆ?

ಶೂನ್ಯಭಾಜಕ
ಕೊಹೆನ್-ಮೆಕಾಲೆ ಅನ್ನುವ ಒಳ್ಳೇ ಗುಣವಿರುವ ಗ್ರೇಡೆಡ್ ರಿಂಗ್‌ಗಳಲ್ಲಿ (ರಿಂಗ್ ಅಂದರೆ ಕೂಡಿಸಿ, ಗುಣಿಸಬಹುದಾದ ವ್ಯವಸ್ಥೆ) ರೆಗ್ಯುಲಾರಿಟಿ ಅನ್ನುವ ಅಳತೆಗೆ ಒಂದು ಮಿತಿ ಸರ್. ಎಲ್ಲರಿಗೂ ಕೊಹೆನ್-ಮೆಕಾಲೆ ಅಂದರೇನು ಅಂತ ಹೇಗೆ ಹೇಳಲಿ ಅನ್ನುವುದೇ ತಲೆನೋವು.

ಐಡಿಯಲ್ ಮೇಷ್ಟ್ರು
ವ್ಯಾಖ್ಯೆ ಹೇಳಬೇಡಿ, ಯಾವುದು ಅಲ್ಲ ಅಂತ ತೋರಿಸಿ. ಎಸ್, ಟಿ ಎರಡು ಚರಾಕ್ಷರ. ಇವೆರಡರ ಘಾತಗಳನ್ನು ಗುಣಿಸಿ ಬರುವ, ಡಿಗ್ರಿ ನಾಲ್ಕರ ಮೊನೋಮಿಯಲ್ ಐದು. ಐದನ್ನೂ ಬೋರ್ಡಿನ ಮೇಲೆ ಸಾಲಾಗಿ ಬರೆಯಿರಿ. ಐದರಿಂದ ಹುಟ್ಟುವ ರಿಂಗ್ ಕೊಹೆನ್-ಮೆಕಾಲೆ, ಯಾವ ತೊಂದರೆಯೂ ಇಲ್ಲ. ಈಗ ಡಸ್ಟರ್ ತೆಗೆದುಕೊಂಡು ನಡುವಿನದನ್ನು, ಅಂದರೆ ಎಸ್ ವರ್ಗ ಟಿ ವರ್ಗವನ್ನು ಒರೆಸಿಬಿಡಿ. ಉಳಿದ ನಾಲ್ಕರ ರಿಂಗ್‌ಗೆ ಡೈಮೆನ್ಷನ್ 2, ಡೆಪ್ತ್ ಮಾತ್ರ 1. ಎರಡೂ ಸಮ ಇರಬೇಕಿತ್ತು, ಕೆಟ್ಟುಹೋಯಿತು. ಮೆಕಾಲೆ ಅವರದೇ ಹಳೇ ಉದಾಹರಣೆ. ಒಂದೇ ಒಂದು ಮೊನೋಮಿಯಲ್ ಇಲ್ಲದಿದ್ದರೆ ಏನಾಗುತ್ತೆ ಅಂತ ಕಣ್ಣಿಗೆ ಕಾಣುತ್ತೆ. ಪಕ್ಕದಲ್ಲಿ ರೆಸಲ್ಯೂಷನ್‌ನ ಬೆಟ್ಟಿ ಸಂಖ್ಯೆ 1, 4, 4, 1 ಬರೆದು ಮುಂದೆ ಹೋಗಿ. ಮೆಕಾಲೆ2 ಸಾಫ್ಟ್‌ವೇರ್‌ನಲ್ಲಿ ಒಂದು ಸಲ ಓಡಿಸಿ ನೋಡಿಕೊಂಡರೆ ಧೈರ್ಯ ಬರುತ್ತೆ.

ಎಪ್ಸಿಲಾನ್
ಇದು ಚೆನ್ನಾಗಿದೆ, ಒಪ್ಪಿದೆ. ಆದರೆ ಬೋರ್ಡ್ ಇರುತ್ತೆ ಅಂತ ಏನು ಗ್ಯಾರಂಟಿ? ಈಗೆಲ್ಲ ಪರದೆ ಇಳಿಸಿದರೆ ಬೋರ್ಡೇ ಮುಚ್ಚಿಹೋಗುತ್ತೆ.

ಹಳೇ ಬೋರ್ಡು
ನನ್ನ ಹೆಸರು ನೋಡಿ ಈ ಚರ್ಚೆ ಶುರು ಮಾಡಬೇಡಿ, ರಾತ್ರಿಯಾದರೂ ಮುಗಿಯಲ್ಲ.

ಬರೀ ಓದುಗ
ಇನ್ನೊಂದು ಚಿಕ್ಕ ಅನುಮಾನ. ಸ್ಲೈಡಿನಲ್ಲಿ ಅಬೇಲಿಯನ್ (ಗಣಿತಜ್ಞ ಅಬೆಲ್ ಹೆಸರಿನಿಂದ ಬಂದ ಪದ) ಅಂತ ಬರೆಯುವಾಗ ಇಂಗ್ಲಿಷಿನ ದೊಡ್ಡಕ್ಷರವೋ, ಚಿಕ್ಕಕ್ಷರವೋ? ನನ್ನ ಗೈಡ್ ಒಂದು ಹೇಳುತ್ತಾರೆ, ಸಹಗೈಡ್ ಇನ್ನೊಂದು.

ಕರ್ನಲ್ ಅಕ್ಕ
ಕನ್ನಡದಲ್ಲಿ ಬರೆಯಿರಿ. ದೊಡ್ಡದೂ ಇಲ್ಲ, ಚಿಕ್ಕದೂ ಇಲ್ಲ, ಇಬ್ಬರೂ ಗೈಡ್ ಸುಮ್ಮನಾಗುತ್ತಾರೆ.

ಎಪ್ಸಿಲಾನ್
ವಿಷಯಕ್ಕೆ ಬನ್ನಿ. ಗೈಡ್ ಬೇಡ ಅಂದಿದ್ದಾರೆ. ಅದನ್ನು ಮೀರಿ ಹೋಗು ಅನ್ನುವುದು ಸುಲಭ. ನಾಳೆ ಪತ್ರ ಬರೆಯಬೇಕಾದವರು ಅವರೇ.

ಹಳೇ ಬೋರ್ಡು
ಮೀರಿ ಹೋಗು ಅಂತ ನಾನು ಹೇಳಲ್ಲ. ‘ಸರ್, ಹೊರಗಿನ ಪತ್ರಕ್ಕೆ ಯಾರನ್ನು ಕೇಳಲಿ?’ ಅಂತ ಒಂದು ಪ್ರಶ್ನೆ ಹಾಕಿ. ಅವರು ಯೋಚಿಸಿ ಎರಡು ಮೂರು ಹೆಸರು ಹೇಳುತ್ತಾರೆ. ಅದರಲ್ಲಿ ಒಬ್ಬರಾದರೂ ಆ ಸಮ್ಮೇಳನದ ಪಟ್ಟಿಯಲ್ಲಿ ಇದ್ದೇ ಇರುತ್ತಾರೆ. ಪಟ್ಟಿ ಆಗ ತೋರಿಸಿ.

ಮತ್ತೆ ಎರಡು ವಾರ ಹಾಳು ಅನ್ನುವುದರ ಬಗ್ಗೆ: ತಯಾರಿ ಮಾಡುವಾಗಲೇ ನನ್ನ ಒಂದು ಲೆಮ್ಮಾ ತಪ್ಪು ಅಂತ ಗೊತ್ತಾಗಿತ್ತು. ಜರ್ನಲ್‌ಗಾಗಿ ಪೇಪರ್ ಪರಿಶೀಲಿಸುವ ರೆಫರಿ ಹಿಡಿಯುವ ಮೊದಲೇ. ಆ ಎರಡು ವಾರವನ್ನು ಯಾವ ಲೆಕ್ಕಕ್ಕೆ ಬರೆಯುತ್ತೀರಿ?

ಎಪ್ಸಿಲಾನ್
ಪಟ್ಟಿಯ ಉಪಾಯ ಒಳ್ಳೆಯದು. ಕುತಂತ್ರಿ ನೀವು.

ಶೂನ್ಯಭಾಜಕ
ಎಲ್ಲರಿಗೂ ಧನ್ಯವಾದ. ಪಟ್ಟಿ ಉಪಾಯ ಮಾಡಿದೆ. ಗೈಡ್ ಮೂರು ಹೆಸರು ಹೇಳಿದರು, ಇಬ್ಬರು ಅಲ್ಲಿಗೆ ಬರುತ್ತಿದ್ದಾರೆ. ಪಟ್ಟಿ ನೋಡಿ ಎರಡು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ‘ಸ್ಲೈಡ್ ನನಗೆ ತೋರಿಸಿಯೇ ಹೋಗು’ ಅಂದರು.

ಕರ್ನಲ್ ಅಕ್ಕ
ಗೆದ್ದಿರಿ! ಹೋಗಿ ಬಂದು ಬರೆಯಿರಿ.

ಶೂನ್ಯಭಾಜಕ (ಐದು ವಾರದ ನಂತರ)
ಹೋಗಿ ಬಂದೆ. ಬೋರ್ಡ್ ಇತ್ತು, ಡಸ್ಟರ್ ಇರಲಿಲ್ಲ. ಕೈಯಲ್ಲೇ ಒರೆಸಿದೆ. ಆಮೇಲೆ ಪೂರ್ತಿ ಟಾಕ್ ಬಿಳಿ ಅಂಗೈ ತೋರಿಸಿಕೊಂಡೇ ಮಾತಾಡಿದೆ. 19 ನಿಮಿಷಕ್ಕೆ ಮುಗಿಯಿತು.

ಮೂರನೇ ಸಾಲಿನಲ್ಲಿದ್ದ ಒಬ್ಬರು ಮೇಡಂ ಕೈ ಎತ್ತಿದರು. ‘ನಿಮಗೆ ಕೊಹೆನ್-ಮೆಕಾಲೆ ಬೇಕಾಗಿರುವುದು ಒಂದೇ ಕಡೆ ತಾನೇ? ಅದಕ್ಕಿಂತ ಸಡಿಲ ಷರತ್ತಾದ ಬುಕ್ಸ್‌ಬಾಮ್ ಆದರೆ ಸಾಲದಾ? ನೀವು ಕೆಟ್ಟುಹೋಯಿತು ಅಂದ ರಿಂಗೇ ಬುಕ್ಸ್‌ಬಾಮ್ ಅಲ್ವಾ?’ ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆ. ವಿರಾಮದಲ್ಲಿ ಅವರೇ ಹುಡುಕಿಕೊಂಡು ಬಂದರು, ಒಂದು ಹಾಳೆಯ ಎರಡೂ ಬದಿ ತುಂಬಿತು. ನಿನ್ನೆ ಮೇಲ್ ಬಂದಿದೆ, ಒಂದು ವಿಶೇಷ ಸಂದರ್ಭದಲ್ಲಿ ನನ್ನ ಮಿತಿಗೆ ಒಂದು ಕೂಡಿಸಿದರೆ ನಡೆಯುತ್ತೆ ಅನ್ನಿಸುತ್ತೆ ಅಂತ. ಗೈಡ್ ಈಗ ಆ ಮೇಲ್ ನನಗಿಂತ ಜಾಸ್ತಿ ಸಲ ಓದಿದ್ದಾರೆ.

ಎಪ್ಸಿಲಾನ್
ಸರಿ, ಎಂಟನೆಯದಕ್ಕೆ ನಾನೂ ಹೆಸರು ಕೊಡುತ್ತೇನೆ.

ಐಡಿಯಲ್ ಮೇಷ್ಟ್ರು
ಬಹಳ ಖುಷಿ ಆಯ್ತು. ಹಣ ಬಂತಾ?

ಶೂನ್ಯಭಾಜಕ
ಇನ್ನೂ ಇಲ್ಲ ಸರ್. ಟಿಕೆಟ್ ಕಳಿಸಿದ್ದೆ, ಇನ್ನೊಂದು ದಾಖಲೆ ಬೇಕು ಅಂದಿದ್ದಾರೆ.

ಕರ್ನಲ್ ಅಕ್ಕ
ಬೋರ್ಡಿಂಗ್ ಪಾಸ್ ಇಟ್ಟುಕೊಂಡಿದ್ದೀರಿ ತಾನೇ?

ಶೂನ್ಯಭಾಜಕ
ಅದರ ಹಿಂದೆಯೇ ಮೇಡಂ ಬುಕ್ಸ್‌ಬಾಮ್ ಲೆಕ್ಕ ಬರೆದುಕೊಟ್ಟಿದ್ದು ಅಕ್ಕ. ಮೂಲ ಪ್ರತಿಯೇ ಬೇಕಂತೆ.